ಕಿರೀಟಕ್ಕೆ ನೀರು ಕುಡಿಸಿದ್ದು

ಬಸ್ಸಿನಲ್ಲಿ ಕಿರೀಟಕ್ಕೆ ಸೀಟು ಸಿಕ್ಕಿತ್ತು, ಕಾವಲುಗಾರನಿಗೆ ಸಿಕ್ಕಿರಲಿಲ್ಲ. ಅವನು ಬಾಗಿಲ ಬಳಿ ಬಕೆಟ್ ಬೋರಲು ಹಾಕಿಕೊಂಡು ಕೂತಿದ್ದ. ಕಿರೀಟ ಮಾತ್ರ ಸ್ಪಂಜು ತುಂಬಿದ ಮರದ ಪೆಟ್ಟಿಗೆಯೊಳಗೆ, ಪೆಟ್ಟಿಗೆ ಕಿಟಕಿ ಪಕ್ಕದ ಸೀಟಿನಲ್ಲಿ, ಸುತ್ತ ಬೆಲ್ಟು ಬಿಗಿಸಿಕೊಂಡು ದೊರೆಯ ಠೀವಿಯಲ್ಲಿ ಹೊರಟಿತ್ತು.

“ಸತ್ತ ವಸ್ತುವಿಗಿರೋ ಮರ್ಯಾದೆ ಬದುಕಿರೋನಿಗಿಲ್ಲ,” ಎಂದ ಕಾವಲುಗಾರ.

“ನೀನೂ ನೂರು ವರ್ಷ ಅಲ್ಲಾಡದೆ ನಿಂತ್ಕೊಳಪ್ಪ, ನಿನಗೂ ಬೆಲ್ಟ್ ಹಾಕ್ತೀವಿ,” ಎಂದಳು ಡಾಕ್ಟರಮ್ಮ.

ಇವಳು ಮನುಷ್ಯರ ಡಾಕ್ಟರಲ್ಲ. ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಕೂತು ಬಿರುಕುಬಿಟ್ಟ ಮಡಕೆ, ಹುಳ ತಿಂದ ಬಟ್ಟೆ, ಬಾಲ ಮುರಿದ ಬಾಣ ಇಂಥವಕ್ಕೆ ಮದ್ದು ಮಾಡುವವಳು. ಅವಳ ಕೋಣೆಗೆ ಯಾರೂ ನೀರಿನ ಬಾಟಲಿ ತರುವಂತಿರಲಿಲ್ಲ. ಛತ್ರಿ ಹಿಡಿದು ಬಂದವರನ್ನು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿಸುತ್ತಿದ್ದಳು. ಹಳೆಯ ವಸ್ತುವಿಗೆ ಬೆಂಕಿಗಿಂತ ನೀರು ದೊಡ್ಡ ಶತ್ರು ಎನ್ನುವುದು ಅವಳ ನಂಬಿಕೆ. ಬೆಂಕಿ ಹೇಳಿ ಬರುತ್ತದೆ, ನೀರು ನೆಂಟರ ಹಾಗೆ ಸದ್ದಿಲ್ಲದೆ ಬಂದು ತಳ ಊರುತ್ತದೆ.

ಅಂಥವಳನ್ನು ನದಿ ದಡಕ್ಕೆ ಕರೆದೊಯ್ಯುತ್ತಿದ್ದರು. ಕಾರಣ, ಮೇಲಿನಿಂದ ಬಂದ ಒಂದು ಆದೇಶ. ಮೂಲನಿವಾಸಿಗಳ ವಸ್ತು ಇಟ್ಟುಕೊಂಡಿರುವ ಎಲ್ಲ ಸಂಸ್ಥೆಗಳ ಸಿಬ್ಬಂದಿಯೂ ಅವರ ಊರಿಗೆ ಹೋಗಿ ಎರಡು ದಿನ ಇದ್ದು ಅವರ ಸಂಸ್ಕೃತಿ, ಅವರ ಪರಿಸರ ಎರಡನ್ನೂ ಕಲಿತು ಬರಬೇಕು. ಮನೆ ದೋಚಿ ಮುಗಿದ ಮೇಲೆ ಮನೆಯವರ ಕ್ಷೇಮಸಮಾಚಾರ ಕೇಳಬೇಕು ಅನ್ನುವಷ್ಟು ಜ್ಞಾನೋದಯ ಸರ್ಕಾರಕ್ಕೆ ಆಗಿತ್ತು. ತಡವಾಗಿ ಆದದ್ದೂ ಜ್ಞಾನೋದಯವೇ, ಬೇಡ ಅನ್ನುವುದಕ್ಕಾಗುವುದಿಲ್ಲ.

ಕಲಿಸಲು ಒಪ್ಪಿದವರು ನದಿಯ ತಿರುವಿನಲ್ಲಿದ್ದ ಮೀನುಗಾರರ ಕೇರಿಯವರು. ಅವರ ಪರವಾಗಿ ಪತ್ರ ಬರೆಯುತ್ತಿದ್ದವಳು ಅಲ್ಲಿಯ ಶಾಲೆಯ ಟೀಚರ್. ಅವಳ ಪತ್ರಗಳೇನೂ ಹೊಸವಲ್ಲ. ವರ್ಷಗಳಿಂದ ಅವಳು ಕೇಳುತ್ತಿದ್ದದ್ದು ಒಂದೇ: ‘ನಮ್ಮ ಹಿರಿಯರ ಕೂಳಿಯೊಂದು ನಿಮ್ಮಲ್ಲಿದೆ, ಮೀನು ಹಿಡಿಯುವ ಬೆತ್ತದ ಬುಟ್ಟಿ, ಅದನ್ನು ಹಿಂದಿರುಗಿಸಿ.’ ವಸ್ತುಗಳಿಗೆ ವಿವರಣೆಯ ಚೀಟಿ ಬರೆಯುವ ಚೀಟಿಮಾಸ್ತರರು ಪ್ರತಿ ಸಲವೂ ಪ್ರಾಮಾಣಿಕವಾಗಿ ಹುಡುಕಿ, ‘ನಮ್ಮಲ್ಲಿ ಕೂಳಿ ಎಂಬ ವಸ್ತು ಇಲ್ಲ’ ಎಂದು ಉತ್ತರಿಸುತ್ತಿದ್ದರು. ಕೊನೆಗೆ ಒಂದು ದಿನ ಅವಳೇ ಮಕ್ಕಳನ್ನು ಕರೆದುಕೊಂಡು ಪ್ರವಾಸ ಬಂದು, ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಚೀಟಿ ಓದಿ ಹೋದಳು. ಈ ಸಲ ಶಿಬಿರಕ್ಕೆ ಒಪ್ಪಿಗೆ ಕೇಳಿದಾಗ ಜಾಣತನದಿಂದ ಹೀಗೆ ಬರೆದಳು: ‘ಸಂತೋಷ, ಬನ್ನಿ. ಬರುವಾಗ ದಯವಿಟ್ಟು ನಿಮ್ಮ ಮದುವೆ ಕಿರೀಟ ತನ್ನಿ.’

ಮದುವೆ ಕಿರೀಟ ಇತ್ತು. ಅದು ಆ ಸಂಸ್ಥೆಯ ಲಾಂಛನವೇ ಆಗಿತ್ತು.

ನದಿಯ ದಡದಲ್ಲಿ ತಗಡಿನ ಸೂರಿನ ಒಂದು ಉದ್ದನೆಯ ಚಪ್ಪರ. ಕೆಳಗೆ ಚಾಪೆ. ಬಸ್ಸಿಳಿದ ಸಿಬ್ಬಂದಿಯೆಲ್ಲ ಒಂದೇ ಬಣ್ಣದ ಅಂಗಿ ತೊಟ್ಟು ಸಾಲಾಗಿ ಕೂತರು. ಎಲ್ಲರ ಎದೆಯ ಮೇಲೂ ಚಿನ್ನದ ಬಣ್ಣದ ಕಿರೀಟ. ಎದುರಿಗೆ ಟೀಚರ್, ಅವಳ ಅಜ್ಜಿ, ದೋಣಿ ನಡೆಸುವ ಸೋದರಮಾವ. ಆ ಕೇರಿಯಲ್ಲಿ ಅವನು ಎಲ್ಲರಿಗೂ ಮಾವನೇ.

ಅಜ್ಜಿಯ ಕಣ್ಣು ಮಂಜಾಗಿತ್ತು. ಕಾವಲುಗಾರನ ಅಂಗಿಯನ್ನು ಮೂಗಿಗೆ ತಾಗುವಷ್ಟು ಹತ್ತಿರದಿಂದ ನೋಡಿ, “ಏ ಮಗಾ, ಇವರೆಲ್ಲ ಎದೆ ಮೇಲೆ ಕೂಳಿ ಯಾಕೆ ಬೋರಲು ಹಾಕ್ಕೊಂಡಿದಾರೆ?” ಎಂದಳು ಮಾವನಿಗೆ.

“ಸುಮ್ನಿರಮ್ಮ, ಭಾಷಣ ನಡೀತಿದೆ.”

ಭಾಷಣ ನಡೆಯುತ್ತಿತ್ತು. ವಸ್ತುಸಂಗ್ರಹಾಲಯದ ನಿರ್ದೇಶಕರು ಬಿಳಿ ಕೈಗವಸು ತೊಟ್ಟು ಪೆಟ್ಟಿಗೆ ತೆರೆದು, ಎಳೆಗೂಸನ್ನು ಎತ್ತುವಂತೆ ಎರಡೂ ಕೈಯಿಂದ ಕಿರೀಟ ಎತ್ತಿದರು. ಅಗಲ ಬಾಯಿಯ ಬೆತ್ತದ ಹೆಣಿಗೆ, ಅದರ ಅಂಚಿನಿಂದ ಸೂರ್ಯನ ಕಿರಣಗಳಂತೆ ಹೊರಕ್ಕೆ ಚಾಚಿದ ಕಡ್ಡಿಗಳು. ಬಿಸಿಲಿಗೆ ಫಳಫಳ ಹೊಳೆಯಿತು. “ನಿಮ್ಮ ಪೂರ್ವಿಕರಲ್ಲಿ ವರನು ತೊಡುತ್ತಿದ್ದ ಈ ಭವ್ಯ ಶಿರೋಭೂಷಣ...”

ಅಷ್ಟೇ. ಅಜ್ಜಿ ನಕ್ಕಳು. ಬರಿಯ ನಗುವಲ್ಲ, ಹೊಟ್ಟೆ ಹಿಡಿದುಕೊಂಡು ಪಕ್ಕಕ್ಕೆ ವಾಲಿ ಮೊಮ್ಮಗಳ ಮಡಿಲಿಗೆ ಬಿದ್ದು ನಕ್ಕಳು. ಮಾವ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ತುರುಕಿಕೊಂಡ.

“ದಾಖಲೆಯಲ್ಲಿ ಹಾಗೇ ಇದೆ,” ಎಂದರು ಚೀಟಿಮಾಸ್ತರರು, ಕಿವಿ ಕೆಂಪಾಗಿ. “ವಿವಾಹ ಸಂದರ್ಭದಲ್ಲಿ ಪುರುಷರು...”

“ಸ್ವಾಮಿ, ಇದರ ಬಾಯಿ ನೋಡಿ. ಅಷ್ಟು ದೊಡ್ಡ ತಲೆ ನಮ್ಮ ಕಡೆ ಯಾರಿಗೂ ಇರಲಿಲ್ಲ,” ಎಂದ ಮಾವ. “ದೊಡ್ಡ ತಲೆಗಳೆಲ್ಲ ಹುಟ್ಟೋದು ನಿಮ್ಮ ಊರಲ್ಲೇ.”

ಡಾಕ್ಟರಮ್ಮ ಮೆಲ್ಲಗೆ ಹೇಳಿದಳು: “ಹೆಣಿಗೆ ಸಂದಿಯಲ್ಲಿ ಮೀನಿನ ಹುರುಪೆ ಅಂಟಿದೆ ಅಂತ ಆವತ್ತೇ ಹೇಳಿದ್ದೆ, ಸಾರ್.”

“ಮದುವೆ ಊಟದಲ್ಲಿ ಮೀನು ಇದ್ದಿರಬಹುದು ಅಂದ್ಕೊಂಡೆ,” ಎಂದರು ನಿರ್ದೇಶಕರು.

“ಊಟ ಮಾಡಿ ಕೈಯನ್ನ ಕಿರೀಟಕ್ಕೆ ಒರೆಸ್ಕೊಂಡ್ರಾ?” ಎಂದ ಕಾವಲುಗಾರ. ಈಗ ಸಿಬ್ಬಂದಿಯೇ ನಕ್ಕಿತು. ನಿರ್ದೇಶಕರು ಕೂಡ, ಬೇರೆ ದಾರಿಯಿಲ್ಲದೆ.

ನಗು ಇಳಿದ ಮೇಲೆ ಟೀಚರ್ ಮಾತಾಡಿದಳು. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ತಿಂಗಳುಗಳಲ್ಲಿ ನದಿಗೆ ಬಲೆ ಬೀಸಬಾರದು ಎಂದು ಈ ವರ್ಷದಿಂದ ಕಾನೂನಾಗಿದೆ. ಕಾನೂನು ಸರಿಯೇ. ನೈಲಾನ್ ಬಲೆ ತಾಯಿಮೀನು, ಮರಿಮೀನು ಅಂತ ಭೇದ ಮಾಡುವುದಿಲ್ಲ, ಬಾಚಿಕೊಂಡು ಹೋಗುತ್ತದೆ. ಆದರೆ ಕೂಳಿ ಇಡಬಹುದು, ಅದಕ್ಕೆ ಅಡ್ಡಿಯಿಲ್ಲ. ಕೂಳಿಯ ಹಿಂಬದಿಯಲ್ಲಿ ಬೆರಳಗಲದ ಸಂದಿ ಇರುತ್ತದೆ, ಮರಿಗಳು ನುಸುಳಿ ಹೊರಟುಹೋಗುತ್ತವೆ. “ಕೂಳಿ ಮಾತ್ರ ಇಡಿ ಅಂತ ಒಂದು ಇಲಾಖೆ ಹೇಳ್ತಿದೆ. ನಮ್ಮಲ್ಲಿ ಉಳಿದಿದ್ದ ಕೂಳೀನ ಇನ್ನೊಂದು ಇಲಾಖೆ ಗಾಜಿನೊಳಗೆ ಇಟ್ಕೊಂಡಿದೆ. ನಾವು ಮಧ್ಯ ಕೂತು ಏನು ತಿನ್ನೋದು, ಸುತ್ತೋಲೆನಾ?”

“ಹೊಸದು ಹೆಣೀಬಹುದಲ್ಲ?” ಎಂದರು ನಿರ್ದೇಶಕರು.

“ಹೆಣೆದ್ವಿ ಸ್ವಾಮಿ,” ಎಂದ ಮಾವ. “ಮೀನು ಅಳಿಯನ ಹಾಗೆ ಬಂತು, ತಿಂತು, ಹೊರಟುಹೋಯ್ತು.”

ಬುಟ್ಟಿ ಹೆಣೆಯುವವರು ಕೇರಿಯಲ್ಲಿ ಬೇಕಾದಷ್ಟಿದ್ದರು. ಯಾರಿಗೂ ಬಾರದಿದ್ದದ್ದು ಗಂಟಲು. ಕೂಳಿಯ ಬಾಯಿಂದ ಒಳಮುಖವಾಗಿ ಇಳಿಯುವ ಕಡ್ಡಿಗಳ ಆಲಿಕೆ ಅದು. ಮೀನು ತಳ್ಳಿದರೆ ತೆರೆದುಕೊಳ್ಳಬೇಕು, ಮೀನು ಒಳಗಾದ ಮೇಲೆ ಮುಚ್ಚಿಕೊಳ್ಳಬೇಕು. ಅದನ್ನು ಕಟ್ಟುತ್ತಿದ್ದವಳು ಅಜ್ಜಿಯ ತಾಯಿ. ಆಮೇಲೆ ನೈಲಾನ್ ಬಂತು, ಗಂಟಲು ಯಾರಿಗೂ ಬೇಕಾಗಲಿಲ್ಲ.

ಅಜ್ಜಿ ಕೈ ಚಾಚಿದಳು. ನಿರ್ದೇಶಕರು ಅನುಮಾನಿಸುತ್ತಲೇ ಕೊಟ್ಟರು. ಅವಳ ಬೆರಳು ಹೊರಕ್ಕೆ ಚಾಚಿದ ಕಡ್ಡಿಗಳ ಮೇಲೆ ಓಡಾಡಿ ನಿಂತಿತು. ಮುಖದ ನಗು ಆರಿತು.

“ಇದರ ಗಂಟಲನ್ನ ಯಾರೋ ಒಳಗಿಂದ ಹೊರಗೆ ಎಳೆದಿದಾರೆ. ಕಿರೀಟದ ಹಾಗೆ ಕಾಣ್ಲಿ ಅಂತ. ಹೀಗಿದ್ರೆ ಕಟ್ಟು ಹೇಗೆ ಹಾಕಿದಾರೆ ಅಂತ ತಿಳಿಯಲ್ಲ.” ಹೆಬ್ಬೆರಳಿನಿಂದ ಒಂದು ಕಡ್ಡಿಯನ್ನು ಒಳಕ್ಕೆ ಒತ್ತಿದಳು.

ಟಕ್ ಎಂದಿತು.

ಡಾಕ್ಟರಮ್ಮ ಕೂತಲ್ಲಿಂದ ಹಾರಿ ಬಂದಳು. “ಅಯ್ಯೋ, ಬಿಡಿ, ಬಿಡಿ! ಒತ್ತಬೇಡಿ!” ಕಡ್ಡಿ ಪೂರ್ತಿ ಮುರಿದಿರಲಿಲ್ಲ, ಕೂದಲೆಳೆಯಷ್ಟು ಸೀಳಿತ್ತು. ಜೇಬಿನಿಂದ ದಾರ ತೆಗೆದು ಅಲ್ಲೇ ಸುತ್ತು ಹಾಕಿದಳು.

“ಒಣಗಿ ಕಡ್ಡಿಯಾಗಿದೆ,” ಎಂದಳು ಅಜ್ಜಿ. “ನೀರು ಕುಡಿಸ್ಬೇಕು. ನೆನೆದ್ರೆ ಬಗ್ಗುತ್ತೆ.”

“ಸಾಧ್ಯವಿಲ್ಲ,” ಎಂದರು ನಿರ್ದೇಶಕರು. ಕೂಡಲೇ ಎಲ್ಲರ ಮುಖ ನೋಡಿ, ಕೆಟ್ಟ ಹೆಸರು ತಮಗೇಕೆ ಎಂದುಕೊಂಡು, ದೊಡ್ಡ ಮನಸ್ಸಿನವರಂತೆ ಸೇರಿಸಿದರು: “ಡಾಕ್ಟರಮ್ಮ ಒಪ್ಪಿದರೆ ನನ್ನ ಅಭ್ಯಂತರವಿಲ್ಲ.” ನೀರಿನ ಬಾಟಲಿಯನ್ನೇ ಕೋಣೆಗೆ ಬಿಡದವಳು ನದಿಯನ್ನು ಬಿಡುತ್ತಾಳೆಯೇ? ಅಧಿಕಾರದ ಕೆಲಸವೇ ಅದು. ಇಲ್ಲ ಅನ್ನುವ ಪಾಪವನ್ನು ಕೆಳಗಿನವರ ತಲೆಗೆ ಕಟ್ಟುವುದು.

ಎಲ್ಲರೂ ಡಾಕ್ಟರಮ್ಮನ ಕಡೆ ತಿರುಗಿದರು.

ಅವಳಿಗೆ ಕೆಲಸ ಹೋಗುವ ಭಯವಿರಲಿಲ್ಲ ಎಂದಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆ ಇತ್ತು. ಇರುವುದೊಂದೇ ಕೂಳಿ. ಒಳಗಿನ ನಾರು ಸತ್ತಿದ್ದರೆ ನೀರು ತಾಗಿದ ಕೂಡಲೇ ಹೆಣಿಗೆ ಬಿಚ್ಚಿಕೊಂಡು ಕೈಗೆ ಕಸ ಬರುತ್ತದೆ. ಗಾಜಿನೊಳಗಿದ್ದದ್ದೂ ಹೋಯಿತು, ಇವರಿಗೆ ಬೇಕಾದದ್ದೂ ಹೋಯಿತು. ಒಣಗಿದ ಹಾಗೇ ಇಟ್ಟರೆ ಇನ್ನೂ ನೂರು ವರ್ಷ ಹೀಗೇ ಇರುತ್ತದೆ. ಒಂದೂ ಮೀನು ಹಿಡಿಯದೆ, ಯಾರಿಗೂ ಏನೂ ಹೇಳದೆ. ಇಷ್ಟು ವರ್ಷ ತಾನು ಉಳಿಸಿದ್ದು ಏನನ್ನು?

“ಅಜ್ಜಿ, ನೆನೆಸಿದ್ರೆ ಕಟ್ಟು ನೆನಪಾಗುತ್ತೆ ಅಂತ ಖಾತ್ರಿನಾ?”

“ಇಲ್ಲ ಕಣಮ್ಮ,” ಎಂದಳು ಅಜ್ಜಿ. “ಅಮ್ಮ ಗಂಟಲು ಕಟ್ಟೋವಾಗ ಕಡ್ಡಿ ಹಿಡ್ಕೊಂಡು ಎದುರಿಗೆ ಕೂತಿರ್ತಿದ್ದೆ. ಆಟ ಆಡೋ ವಯಸ್ಸು. ಕಣ್ಣೆಲ್ಲ ನದಿ ಕಡೆ. ನೋಡಿದ್ದಿದ್ರೆ ಇವತ್ತು ನಿನಗೆ ಗೊತ್ತಿಲ್ಲ ಅನ್ನೋ ಕಷ್ಟ ಇರ್ತಿರ್ಲಿಲ್ಲ.”

ಖಾತ್ರಿ ಎಂದಿದ್ದರೆ ಡಾಕ್ಟರಮ್ಮ ಬೇಡ ಅನ್ನುತ್ತಿದ್ದಳೇನೋ. ಖಾತ್ರಿ ಅನ್ನುವ ಮಾತನ್ನು ಅವಳು ದಾಖಲೆಗಳಲ್ಲಿ ಬೇಕಾದಷ್ಟು ಓದಿದ್ದಳು. ಗೊತ್ತಿಲ್ಲ ಎಂದು ನೇರವಾಗಿ ಹೇಳಿದವರು ಕಡಿಮೆ.

“ಕುಡಿಸೋಣ,” ಎಂದಳು.

ನಿರ್ದೇಶಕರು ಕೈಗವಸಿನ ಕೈಯಿಂದಲೇ ಹಣೆ ಒತ್ತಿಕೊಂಡರು.

ಇಡೀ ಸಿಬ್ಬಂದಿ ಮೆರವಣಿಗೆಯಂತೆ ದಂಡೆಗೆ ಇಳಿಯಿತು. ಮೊಣಕಾಲು ನೀರಿನಲ್ಲಿ ನಿಂತು ಡಾಕ್ಟರಮ್ಮ ಕೂಳಿಯನ್ನು ಮೆಲ್ಲಗೆ ಮುಳುಗಿಸಿದಳು. ಕಣ್ಣು ಮುಚ್ಚಿಕೊಂಡು ಉಸಿರು ಬಿಗಿಹಿಡಿದಳು. ಏನೂ ಆಗಲಿಲ್ಲ. ನಿಜಕ್ಕೂ ಏನೂ ಆಗಲಿಲ್ಲ. ಎತ್ತಿದರೆ ತಾವರೆ ಎಲೆಯ ಮೇಲಿನಂತೆ ನೀರು ಉರುಳಿ ಬಿದ್ದುಹೋಯಿತು. ಮತ್ತೆ ಮುಳುಗಿಸಿದಳು, ಮತ್ತೆ ಹಾಗೇ. ಬೆತ್ತ ಒಂದು ಹನಿಯನ್ನೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

“ಇದು ನದೀನ ಮರೆತುಬಿಟ್ಟಿದೆ,” ಎಂದಳು ಅಜ್ಜಿ. ದಂಡೆಯ ಕಲ್ಲಿನ ಮೇಲೆ ಕೂತುಬಿಟ್ಟಳು. ಮೊದಲ ಬಾರಿಗೆ ಅವಳು ಮುದುಕಿಯಂತೆ ಕಂಡಳು.

ಡಾಕ್ಟರಮ್ಮ ಉಗುರಿನಿಂದ ಬೆತ್ತ ಗೀರಿದಳು, ಮೂಸಿದಳು. ಆಮೇಲೆ ತನ್ನ ಹಣೆಗೆ ತಾನೇ ಬಡಿದುಕೊಂಡಳು.

“ಮರೆತಿಲ್ಲ ಅಜ್ಜಿ, ನಾವು ಬಾಯಿ ಮುಚ್ಚಿಸಿದೀವಿ! ಯಾವ ಕಾಲದಲ್ಲೋ ಯಾರೋ ವಾರ್ನಿಷ್ ಬಳಿದಿದಾರೆ, ಕಿರೀಟ ಹೊಳೀಲಿ ಅಂತ. ಒಂದಲ್ಲ, ಮೂರು ನಾಲ್ಕು ಪದರ. ಇದು ಕಳಚದೆ ನೀರು ಹೋಗಲ್ಲ.” ಬಸ್ಸಿನ ಕಡೆ ಕೂಗಿದಳು: “ನನ್ನ ಔಷಧಿ ಪೆಟ್ಟಿಗೆ ತಗೊಂಡ್ಬನ್ನಿ! ಹತ್ತಿ, ಸ್ಪಿರಿಟ್ ಎಲ್ಲಾ!”

ಚಪ್ಪರದ ಕಂಬಕ್ಕೆ ದಿನದ ಕಾರ್ಯಕ್ರಮ ಅಂಟಿಸಿತ್ತು. ಮೌನ ನಡಿಗೆ, ಮರಗಳೊಂದಿಗೆ ಸಂವಾದ, ಅನಿಸಿಕೆ ಹಂಚಿಕೆ. ಟೀಚರ್ ಅದನ್ನು ಕಿತ್ತು ಮಡಚಿ ಅಲುಗಾಡುತ್ತಿದ್ದ ಬೆಂಚಿನ ಕಾಲಿಗೆ ಇಟ್ಟಳು. ಬೆಂಚು ನೆಟ್ಟಗೆ ನಿಂತಿತು. ಅದರ ಮೇಲೆ ಕೂಳಿ ಇಟ್ಟು, ಸುತ್ತ ಒಬ್ಬೊಬ್ಬರನ್ನೇ ಕೂರಿಸಿ ಕೈಗೆ ಹತ್ತಿ ಕೊಟ್ಟರು.

“ಇದು ತರಬೇತಿಯೇ?” ಎಂದು ಕೇಳಿದರು ನಿರ್ದೇಶಕರು.

“ಪರಿಸರ ಕಲಿಕೆ ಸಾರ್,” ಎಂದಳು ಟೀಚರ್. “ಮೊದಲನೇ ಪಾಠ. ನೀವು ಬಳಿದದ್ದನ್ನ ನೀವೇ ಒರೆಸಿ.”

ಒರೆಸಿದರು. ಡಾಕ್ಟರಮ್ಮ ಬೆನ್ನ ಹಿಂದೆ ಸುತ್ತುತ್ತ ಗದರುತ್ತಿದ್ದಳು: “ಉಜ್ಜಬೇಡಿ, ಉರುಳಿಸಿ. ಪಾತ್ರೆ ತಿಕ್ತಿದೀರಾ? ಮಾಸ್ತರೇ, ಒಂದು ಹತ್ತಿಗೆ ಒಂದೇ ಸಲ. ಜಿಪುಣತನ ಮನೇಲಿ ತೋರಿಸಿ.” ಹತ್ತಿಯೆಲ್ಲ ಹಳದಿಯಾಗಿ ಬಂತು. ಬಿಳಿ ಕೈಗವಸು ಒದ್ದೆಯಾಗಿ ಬೆರಳಿಗಂಟಿದಾಗ ನಿರ್ದೇಶಕರು ಅವನ್ನು ಕಿತ್ತು ಎಸೆದರು. ಬರಿಗೈಯಿಂದ ಆ ವಸ್ತುವನ್ನು ಮುಟ್ಟಿದ್ದು ಅವರ ನೌಕರಿಯಲ್ಲೇ ಮೊದಲು. ಅರ್ಧ ತಾಸು ಒರೆಸಿದ ಮೇಲೆ ಯಾರನ್ನೂ ಕೇಳದೆ ಕಾಲು ಚಾಚಿ ನೆಲಕ್ಕೇ ಕೂತರು.

“ಸಾರ್‌ಗೆ ಈ ಕೆಲಸ ಒಗ್ಗುತ್ತೆ,” ಎಂದ ಮಾವ. “ನಿವೃತ್ತಿ ಆದ್ಮೇಲೆ ಬನ್ನಿ, ನಮ್ಮ ದೋಣಿಗೂ ಹಳೇ ಬಣ್ಣ ಬಹಳ ಇದೆ.”

“ಸಂಬಳ ಎಷ್ಟು?”

“ಸಂಬಳ ಇಲ್ಲ. ಸರ್ಟಿಫಿಕೇಟ್ ಕೊಡ್ತೀವಿ.”

ಚಿನ್ನದ ಬಣ್ಣ ಕಳಚುತ್ತಾ ಹೋದಂತೆ ಒಳಗಿನಿಂದ ಕಪ್ಪುಮಿಶ್ರಿತ ಕಂದು ಬೆತ್ತ ಕಾಣಿಸಿತು, ಒಲೆಯ ಮೇಲೆ ತೂಗುಹಾಕಿ ಹೊಗೆ ಕುಡಿಸಿದ ಬಣ್ಣ. ಚೀಟಿಮಾಸ್ತರರು ಕನ್ನಡಕ ಹಣೆಗೇರಿಸಿ ಅದನ್ನು ಬಹಳ ಹೊತ್ತು ನೋಡಿದರು. “ಇಷ್ಟು ವರ್ಷ ನಾನು ವಾರ್ನಿಷ್ ಬಗ್ಗೆ ಬರೀತಿದ್ದೆ,” ಎಂದರು. ಯಾರೂ ಸಮಾಧಾನ ಮಾಡಲಿಲ್ಲ. ಕಾವಲುಗಾರ ಇನ್ನಷ್ಟು ಹತ್ತಿ ಕೊಟ್ಟ.

ಸಂಜೆಯ ಹೊತ್ತಿಗೆ ಕೂಳಿಯನ್ನು ಮತ್ತೆ ನೀರಿಗಿಳಿಸಿದರು. ಈ ಸಲ ಹೆಣಿಗೆಯ ಸಂದಿಸಂದಿಯಿಂದ ಸಾಸಿವೆಯಂಥ ಗುಳ್ಳೆಗಳು ಮೇಲೆದ್ದವು. “ಕುಡೀತಿದೆ! ಕುಡೀತಿದೆ!” ಎಂದು ಕಾವಲುಗಾರ ಮಗು ಹಾಲು ಕುಡಿದಷ್ಟು ಸಂಭ್ರಮದಲ್ಲಿ ಕೂಗಿದ. ಬೆಳಗಿನ ತನಕ ನೆನೆಯಬೇಕು ಎಂದಳು ಅಜ್ಜಿ. ಕಾವಲುಗಾರ ದಂಡೆಯಲ್ಲೇ ಹಾಸಿಗೆ ಹಾಕಿದ.

ಮರುದಿನ ಬೆಳಗ್ಗೆ ಡಾಕ್ಟರಮ್ಮ ನೀರಿಗೆ ಕೈ ಹಾಕಿ ಮುಟ್ಟಿ ನೋಡಿದಳು. ಹೆಣಿಗೆ ಬಿಚ್ಚಿಕೊಂಡಿರಲಿಲ್ಲ. ಬೆತ್ತ ಬಳ್ಳಿಯ ಹಾಗೆ ಮೆತ್ತಗಾಗಿತ್ತು. ಅವಳು ಮತ್ತು ಅಜ್ಜಿ ಎದುರುಬದುರು ನೀರಿನಲ್ಲೇ ಕೂತರು. ಅಜ್ಜಿ ಒತ್ತಿದಳು, ಡಾಕ್ಟರಮ್ಮ ತಾನು ದಾರ ಸುತ್ತಿದ ಸೀಳುಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಉಳಿದವುಗಳ ಜೊತೆ ಇಳಿಸಿದಳು. ಒಂದು ಕ್ಷಣ ಎಲ್ಲವೂ ಬಿಗಿಯಾಗಿ ನಿಂತಿತು. ಆಮೇಲೆ ಪುಳಕ್ಕನೆ ಗಂಟಲು ಒಳಗೆ ಹೋಗಿ ಕೂತಿತು. ದಂಡೆಯಲ್ಲಿ ಚಪ್ಪಾಳೆ.

“ಚಪ್ಪಾಳೆ ಆಮೇಲೆ,” ಎಂದಳು ಅಜ್ಜಿ. ಕಟ್ಟುಗಳ ಮೇಲೆ ಬೆರಳಾಡಿಸಿದಳು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಹುಬ್ಬು ಗಂಟಾಯಿತು. “ಊಹೂಂ. ತಿಳೀತಿಲ್ಲ.”

ಟೀಚರ್ ತುಟಿ ಕಚ್ಚಿಕೊಂಡಳು.

ಡಾಕ್ಟರಮ್ಮ ಯೋಚಿಸಿ ಕೇಳಿದಳು: “ಅಜ್ಜಿ, ನಿಮ್ಮಮ್ಮ ಕಟ್ಟೋವಾಗ ನೀವು ಎಲ್ಲಿ ನೋಡ್ತಿದ್ರಿ ಅಂದ್ರಿ?”

“ನದಿ ಕಡೆ.”

“ಮತ್ತೆ ಈಗ ಯಾಕೆ ಕೂಳಿ ನೋಡ್ತಿದೀರಿ?”

ಅಜ್ಜಿ ಮುಖವನ್ನು ನದಿಯ ಕಡೆ ತಿರುಗಿಸಿ, ಆ ದಡದ ಮಂಜಿನಲ್ಲಿ ಕಣ್ಣು ನೆಟ್ಟಳು. ಕೈಗಳು ತಮ್ಮಷ್ಟಕ್ಕೆ ನೀರಿನೊಳಗೆ ಉಳಿದವು. ಎಡಗೈ ಕಡ್ಡಿಗಳನ್ನು ಗುಂಪುಗುಂಪಾಗಿ ಹಿಡಿಯತೊಡಗಿತು, ತಾಯಿಗೆಂದು ಹಿಡಿಯುತ್ತಿದ್ದ ಹಾಗೆ. ಎರಡು ಬಿಗಿಯಾಗಿ, ಒಂದು ಸಡಿಲವಾಗಿ. ಎರಡು ಬಿಗಿ, ಒಂದು ಸಡಿಲ.

“ಥೂ ನನ್ನ!” ಎಂದು ಕಿರುಚಿದಳು ಅಜ್ಜಿ, ಹಲ್ಲಿಲ್ಲದ ಬಾಯಿ ತುಂಬ ನಗುತ್ತ. “ಹೊಸ ಕೂಳೀಲಿ ಎಲ್ಲಾ ಕಡ್ಡೀನೂ ಬಿಗೀತಿದ್ವಲ್ಲೋ! ಒಂದೊಂದನ್ನ ಸಡಿಲ ಬಿಡ್ಬೇಕು. ಸಡಿಲ ಬಿಟ್ಟದ್ದು ಓಲಾಡುತ್ತೆ, ಮೀನು ಹಿಂದೆ ತಿರುಗಿದ್ರೆ ಅಡ್ಡ ಬೀಳುತ್ತೆ. ಅಮ್ಮ ಅದಕ್ಕೇ ಬೈತಿದ್ಲು ನನಗೆ, ಒಂದನ್ನ ಬಿಡೇ, ಒಂದನ್ನ ಬಿಡೇ ಅಂತ!”

ಆಮೇಲೆ ಚಪ್ಪಾಳೆ ಯಾರ ಅಪ್ಪಣೆಗೂ ಕಾಯಲಿಲ್ಲ. ಕೇರಿಯ ಹೆಂಗಸರು ಬೆತ್ತದ ಕಟ್ಟು ತಂದು ಸುರಿದರು. ಮಧ್ಯಾಹ್ನದ ತನಕ ದಂಡೆಯ ತುಂಬ ಕೂಳಿಗಳ ಸಂಸಾರ. ಸಿಬ್ಬಂದಿಯೂ ಕೂತಿತು. ಚೀಟಿಮಾಸ್ತರರು ಹೆಣೆದದ್ದು ಮಲಗಿದ ಬೆಕ್ಕಿನಂತಿತ್ತು. “ಇದನ್ನ ತಲೆಗೇ ಹಾಕ್ಕೊಳಿ ಮಾಸ್ತರೇ,” ಎಂದಳು ಒಬ್ಬ ಹೆಂಗಸು, ಅವರೂ ಹಾಕಿಕೊಂಡರು. ಹಳೆಯ ಕೂಳಿಯನ್ನು ಮಾವ ಎರಡು ಬಂಡೆಗಳ ನಡುವೆ ಇಟ್ಟ. ಎಲ್ಲರೂ ಬಗ್ಗಿ ನೋಡುತ್ತಿದ್ದ ಹಾಗೇ ಅಂಗೈಯುದ್ದದ ಒಂದು ಮೀನು ಬಂದು, ಬಾಯಿಂದ ನುಗ್ಗಿ, ಸುತ್ತಿ, ಹಿಂದೆ ತಿರುಗಿ ಗಂಟಲಿಗೆ ಮೂಗು ತಾಗಿಸಿ ನಿಂತಿತು. ಅದರ ಜೊತೆ ನುಗ್ಗಿದ್ದ ಪುಟಾಣಿಗಳು ಹಿಂಬದಿಯ ಸಂದಿಯಿಂದ ಒಂದೊಂದಾಗಿ ಹೊರಬಂದು ಹೊಳೆಯುತ್ತ ಹೋದವು. ಪರಿಸರದ ಬಗ್ಗೆ ಯಾರೂ ಭಾಷಣ ಮಾಡಲಿಲ್ಲ.

ಬಸ್ಸು ಹೊರಡುವ ಹೊತ್ತಾಯಿತು. ನಿರ್ದೇಶಕರು ಅಂಗಿಯ ಕೊರಳಪಟ್ಟಿ ಸರಿಪಡಿಸಿಕೊಂಡು ಮತ್ತೆ ನಿರ್ದೇಶಕರಾದರು. “ಸರಿ. ವಸ್ತುವನ್ನು ತುಂಬಿ.”

“ಆಗಲ್ಲ ಸಾರ್,” ಎಂದಳು ಡಾಕ್ಟರಮ್ಮ. ಅವಳು ಕಲ್ಲಿನ ಮೇಲೆ ಕೂತು ತನ್ನದೇ ಕೂಳಿಗೆ ಗಂಟಲು ಕಟ್ಟುತ್ತಿದ್ದಳು, ತಲೆ ಎತ್ತಲಿಲ್ಲ. “ಒದ್ದೆ ಬೆತ್ತ ಬಸ್ಸಿನ ಕಾವಿಗೆ ಸಿಕ್ಕಿದ್ರೆ ಸೀಳಿ ಚೂರಾಗುತ್ತೆ. ಪೂರ್ತಿ ಒಣಗೋ ತನಕ ಇಲ್ಲಿಂದ ಕದಲಿಸೋ ಹಾಗಿಲ್ಲ.”

“ಯಾವಾಗ ಒಣಗುತ್ತೆ?”

“ನಾವು ಮೀನು ತಿನ್ನೋದು ಬಿಟ್ಟಾಗ,” ಎಂದ ಮಾವ.

ನಿರ್ದೇಶಕರು ನದಿ ನೋಡಿದರು, ಕೂಳಿ ನೋಡಿದರು. ಸ್ವರ ತಗ್ಗಿಸಿದರು. “ಡಾಕ್ಟರಮ್ಮ, ಇದನ್ನ ಎಲ್ಲೂ ಬರೆಯೋದು ಬೇಡ. ಬರೆದರೆ ಓದೋರು ಹುಟ್ಕೋತಾರೆ. ನೆನೆಹಾಕಿದೆ ಅಂತ ಬಾಯಿಮಾತಲ್ಲಿ...”

“ಬರೀತೀನಿ ಸಾರ್. ನನ್ನ ಹೆಸರಲ್ಲೇ ಬರೀತೀನಿ. ಕೂಳಿ ಕೇಳಿದ್ರು, ಕೂಳಿ ಕೊಟ್ವಿ ಅಂತ. ವಿಚಾರಣೆ ಆದ್ರೆ ಆಗ್ಲಿ. ಬಂದವರನ್ನ ಇಲ್ಲೇ ಕರ್ಕೊಂಡು ಬರ್ತೀನಿ, ಅವರಿಗೂ ಎರಡು ದಿನ ತರಬೇತಿ ಬೇಕಲ್ಲ.”

ಟೀಚರ್ ಡಾಕ್ಟರಮ್ಮನ ಪಕ್ಕ ಕೂತು ಅವಳ ಹೆಗಲಿಗೆ ತನ್ನ ಹೆಗಲು ತಾಗಿಸಿದಳು, ಅಷ್ಟೇ.

ನಿರ್ದೇಶಕರು ಇನ್ನೂ ನಿಂತಿದ್ದರು. “ನಾನೂ ಸಹಿ ಹಾಕಬೇಕಾಗುತ್ತೆ,” ಎಂದರು ನಿಟ್ಟುಸಿರಿಟ್ಟು.

“ಹಾಕಿ ಸಾರ್,” ಎಂದ ಕಾವಲುಗಾರ. “ಕೈ ಹೇಗೂ ಒದ್ದೆಯಾಗಿದೆ.”

ಅವರು ಇಲ್ಲ ಅನ್ನಲಿಲ್ಲ. ಪ್ಯಾಂಟು ಮಡಚಿದ್ದನ್ನು ಇಳಿಸಲು ಮರೆತು ಬಸ್ಸಿನ ಕಡೆ ನಡೆದರು. ಡ್ರೈವರ್ ಹಾರ್ನ್ ಒತ್ತಿದ. ಅಜ್ಜಿ ಡಾಕ್ಟರಮ್ಮನ ಬೆರಳಿನ ಗೆಣ್ಣಿಗೆ ಬೆತ್ತದ ತುಂಡಿನಿಂದ ಪಟ್ಟನೆ ಹೊಡೆದಳು.

“ಒಂದನ್ನ ಬಿಡೇ! ಎಷ್ಟು ಸಲ ಹೇಳೋದು?”

“ಬಿಡ್ತೀನಿ ಅಜ್ಜಿ, ಬಿಡ್ತೀನಿ.” ಹಾರ್ನ್ ಮತ್ತೆ ಕೂಗಿತು. ಡಾಕ್ಟರಮ್ಮ ತಿರುಗದೆಯೇ ಬಸ್ಸಿಗೆ ಉತ್ತರ ಕೊಟ್ಟಳು: “ಇರ್ರೀ! ಇನ್ನೊಂದು ಸುತ್ತು ಬಾಕಿ ಇದೆ!”